ಸಮುದ್ರದ ನಳ

ಒಂಬತ್ತು ಲೋಡು ಟೈಲ್ಸು ಮಾರಿದ್ದಕ್ಕ
ಕಂಪನಿಯವರು ನಮಗ ಹಡಗು ಕೊಟ್ಟರು.
ಅಂದರ, ಮೂರು ರಾತ್ರಿ, ಮುಂಬೈಯಿಂದ ಮುಂಬೈಗೆ,
ಇಬ್ಬರಿಗೆ ಪುಕ್ಕಟೆ, ಮಕ್ಕಳಿಗೆ ಅರ್ಧ.
ಶಹಾಬಾದದ ಸ್ಟೇಷನ್ ರೋಡಿನ ನಮ್ಮ ಅಂಗಡಿಯೊಳಗ
ಆ ಪತ್ರ ಇನ್ನೂ ಗ್ವಾಡಿ ಮ್ಯಾಲ ಅದ, ಲ್ಯಾಮಿನೇಷನ್ ಮಾಡಿಸಿ.

ಸುತ್ತಿ ಸುತ್ತಿ ಹೊಳ್ಳಿ ಅಲ್ಲೇ ಬರೂದಾದರ
ಹೋಗೂದ್ಯಾಕ, ಅಂದರು ಆಯಿ.
ಅಂದುಕೋತನ ಶೇಂಗಾ ಹೋಳಿಗಿ, ಅಗಸಿ ಹಿಂಡಿ,
ನಲವತ್ತು ಖಡಕ್ ರೊಟ್ಟಿ ಕಟ್ಟಿದರು.
ಹಡಗು ಹತ್ತೂ ಮುಂದ ಮಿಷನ್ನಿನೊಳಗ ಚೀಲ ಹಾದಾಗ
ಸಿಪಾಯಿ ಆ ಗಂಟು ಎತ್ತಿ ಹಿಡಿದು ಇದೇನು ಅಂದ.
ತೇಜು ಅಂದಳು: ನಮ್ಮ ಆಯಿ.

ಹಡಗಂದರ ಹಡಗಲ್ಲ, ಲಿಫ್ಟು ಇರೋ ಊರು.
ಹತ್ತನೇ ಮಜಲಿನ್ಯಾಗ ಈಜೂ ಹೊಂಡ,
ನೀರಿನ ಮ್ಯಾಲ ಮತ್ತ ನೀರು.
ಮಕ್ಕಳ ಮುಂಗೈಗೆ ಕಿತ್ತಳಿ ಬಣ್ಣದ ಪಟ್ಟಿ ಕಟ್ಟಿದರು,
ಮುಳುಗಿದರ ಯಾವ ಬಾಗಿಲಿಗೆ ಬರಬೇಕಂತ ಬರೆದದ್ದು.
ಮುಳುಗಿದರ ಅನ್ನೂ ಮಾತು
ಅಷ್ಟು ನಗುನಗುತ ಹೇಳಬಾರದಿತ್ತು ಆ ಹುಡುಗಿ.
ಮೂರೂ ದಿನ ಗುಂಡ್ಯಾನ ಪಟ್ಟಿಗೂ ನನ್ನ ಓಢಣಿಗೂ ಗಂಟು.
ಡೀಲರುಗಳ ಹೆಂಡರು ಡೆಕ್ಕಿನ ಮ್ಯಾಲ ಕುಣಿದರು.
ನಾನು ತಲಿ ಎಣಿಸಿದೆ. ಎರಡು. ಎರಡು. ಎರಡು.
ಸೂರ್ಯ ಮುಳುಗಲಕತ್ತಾನ, ನೋಡ್ರಿ ವೈನಿ,
ಅಂದಳು ಹುಮನಾಬಾದಿನಾಕಿ.
ನೋಡಿದೆ. ಎರಡು.

ಎಂಬತ್ತು ತರದ ಅಡಿಗಿ ಇಟ್ಟಿದ್ದರು.
ಮಕ್ಕಳು ತಿಂದದ್ದು ಆಯಿಯ ರೊಟ್ಟಿ,
ಮತ್ತ ಮಂದಿಯ ಕೇಕಿನ ಮ್ಯಾಲಿನ ಚೆರ್ರಿ.
ಎರಡನೇ ರಾತ್ರಿ ತೇಜು ಎಲ್ಲಾ ಕಾರಿಕೊಂಡಳು.
ನಮ್ಮವರು ಹೊಸ ಅಂಗಿಯಿಂದನ ಒರಸಿದರು,
ಎದಿ ಮ್ಯಾಲ ಕಂಪನಿ ಹೆಸರಿದ್ದದ್ದು.

ನಮ್ಮೂರಾಗ ಐದು ದಿನಕ್ಕೊಮ್ಮೆ ನಳ ಬರ್ತಾವ.
ಬಂದವಂದರ ಓಣಿಗೆ ಓಣಿ ನಿದ್ದಿ ಬಿಟ್ಟು ಏಳ್ತದ.
ನಾಕು ವರ್ಷದ ಗುಂಡ್ಯಾ ಹಡಗಿನಾಗ
ಕಂಡ ಕಂಡ ನಳ ತಿರುವಿ ಬಂದ್ ಮಾಡಿಕೋತ ನಡೆದ,
ಯಾರೋ ಕೈ ತೊಳೀಲಕತ್ತಾಗ ಸೈತ.
ರಾತ್ರಿ ಕಿಡಕಿ ಗಾಜಿಗೆ ಮೂಗು ಒತ್ತಿ
ಕರ್ರಗಿನ ನೀರು ಭಾಳ ಹೊತ್ತು ನೋಡಿ ಕೇಳಿದ:
ಯವ್ವಾ, ಇದನ್ನ ಯಾರೂ ಬಂದ್ ಮಾಡಂಗಿಲ್ಲೇನು?

ಹೊಳ್ಳಿ ಬಂದ ಮ್ಯಾಲೂ ನಾಕು ದಿನ ನೆಲ ತೂಗಿತು.
ನಮ್ಮ ಮನಿಯ ನೆಲ ಇನ್ನೂ ಫರಸಿ.
ಮಾವನವರು ತಾವೇ ಖಣಿಯೊಳಗ ಎಬ್ಬಿಸಿ ತಂದದ್ದು.
ದೇವರ ಖೋಲಿ ಬಾಗಿಲ ಹತ್ತಿರದ ಕಲ್ಲಿನಾಗ
ತೆರಿ ತೆರಿ ಗೀರು ಅವ.
ಒಂದು ಕಾಲಕ್ಕ ಇದು ಸಮುದ್ರದ ತಳ ಇತ್ತಂತ,
ಯಾರೋ ಸರ್ವೇ ಸಾಹೇಬ ಹೇಳಿದ್ದನಂತ,
ಅಂತ ಅವರು ಅಂದರ ನಾವು ನಕ್ಕಿದ್ದೆವು.
ಅವರು ಹೋಗಿ ಹನ್ನೊಂದು ವರ್ಷ.

ಗುರುವಾರ ನೆಲ ಒರಸಿದೆ. ಹಸಿ ಆದ ಕೂಡಲೆ
ಬೂದಿ ಬಣ್ಣದ ಕಲ್ಲು ಕರ್ರಗಾಗಿ ಆಳಕ್ಕ ಇಳೀತು.
ಗುಂಡ್ಯಾ ಬರಿ ಹೊಟ್ಟಿ ಊರಿ ಮಲಗಿ ಕಿವಿ ಹಚ್ಚಿದ.
ತೇಜು ಹೊರಸು ಎಳೆದು ಹಡಗು ಮಾಡಿ
ಆಯಿಯ ಮುಂಗೈಗೆ ಕಿತ್ತಳಿ ಪಟ್ಟಿ ಕಟ್ಟಿದಳು:
ಮುಳುಗಿದರ ನೀ ಅಡಿಗಿಮನಿ ಬಾಗಿಲಿಗೆ ಬರಬೇಕು.
ನಾ ಇರೂದೇ ಅಲ್ಲಿ, ಅಂದರು ಆಯಿ.

ಪಡಸಾಲಿಯೊಳಗ ಟೈಲ್ಸಿನ ಪೆಟ್ಟಿಗಿ ಇಪ್ಪತ್ತಾರು,
ಈ ಫರಸಿ ಕಿತ್ತು ಹಾಕಲಿಕ್ಕಂತ ತರಿಸಿದ್ದು,
ಮಾರಿ ಕಾಣೂವಷ್ಟು ಬಿಳಿ.
ಗೌಂಡಿ ಯಾವತ್ತ ಬರ್ತಾನ, ಕೇಳಿದೆ.
ಅವರು ಮಾತಾಡಲಿಲ್ಲ. ಅಂಗಡಿ ಕೀಲಿ ಹುಡುಕಿಕೋತ,
ಹಸಿ ಕಲ್ಲು ತುಳಿಯದಂಗ, ಗ್ವಾಡಿ ಹಿಡಿದು ದಾಟಿದರು,
ಹಡಗಿನಾಗ ನಡೆದಂಗ.

ನಳ ಬಂದಾವ್ರೋ, ಅಂತ ಓಣಿಯಾಗ ಯಾರೋ ಒದರಿದರು.
ಗುಂಡ್ಯಾ ಏಳಲಿಲ್ಲ.
ತಡಿ, ಅಂದ, ಇಲ್ಲೂ ಬರ್ಲಕತ್ತದ.
ಕೊಡ ಎರಡು, ಬಕೇಟು ಮೂರು.
ನಾ ಓಡಿದೆ.